ಕಾಪಿ ಮಾಡಿದ ಫೈಲ್ ಎಲ್ಲರಿಗೂ ಓಪನ್ ಆಗುತ್ತೆ, ಕಟ್ ಮಾಡಿ ಹಾಕಿದ್ದು ಆಗಲ್ಲ, ಪರ್ಮಿಷನ್ ಯಾಕೆ ಹಿಂಗೆ?

ಕಡತಪಾಲಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದನ್ನೇ ಹಿಡ್ಕೊಂಡು ಕೂತಿದೀನಿ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಆಫೀಸಲ್ಲಿ ಒಂದು ವಿಂಡೋಸ್ ಫೈಲ್ ಸರ್ವರ್ ಇದೆ, ಅದರಲ್ಲಿ ಡಿ ಡ್ರೈವ್, ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್ ಮೇಲೆ ಫೈಲ್ ಇಡೋ ಪದ್ಧತಿ). ಡಿ ಒಳಗೆ ಒಂದೇ ಒಂದು ಫೋಲ್ಡರ್ ಶೇರ್ ಮಾಡಿದೀವಿ, ಎಲ್ಲರ ಕಂಪ್ಯೂಟರಲ್ಲೂ ಅದು ಝಡ್ ಡ್ರೈವ್ ಆಗಿ ಕಾಣುತ್ತೆ. ಅದರ ಒಳಗೆ 'ಎಲ್ಲರಿಗೂ' ಅಂತ ಒಂದು ಫೋಲ್ಡರ್, ಎಲ್ಲಾ ಸ್ಟಾಫೂ ಓದಬಹುದು. 'ಅಕೌಂಟ್ಸ್' ಅಂತ ಇನ್ನೊಂದು, ಅದು ಅಕೌಂಟ್ಸ್ ಗ್ರೂಪಿನ ನಾಲ್ಕು ಜನಕ್ಕೆ ಮಾತ್ರ.

ಈಗ ವಿಷಯ ಏನು ಅಂದ್ರೆ, ಅಕೌಂಟ್ಸ್‌ನೋರು ಒಂದು ಫಾರ್ಮ್ ರೆಡಿ ಮಾಡಿ ತಮ್ಮ ಫೋಲ್ಡರಿಂದ ಕಟ್ ಮಾಡಿ 'ಎಲ್ಲರಿಗೂ' ಒಳಗೆ ಪೇಸ್ಟ್ ಮಾಡಿದ್ರು. ಫೈಲ್ ಹೆಸರು ಎಲ್ಲರಿಗೂ ಕಾಣ್ತಿದೆ, ಡಬಲ್ ಕ್ಲಿಕ್ ಮಾಡಿದ್ರೆ ಆಕ್ಸೆಸ್ ಡಿನೈಡ್. ಹಿಂದಿನ ವಾರ ಅದೇ ವ್ಯಕ್ತಿ ಅದೇ ಥರದ ಇನ್ನೊಂದು ಫಾರ್ಮ್‌ನ ಕಾಪಿ ಮಾಡಿ ಅದೇ ಜಾಗಕ್ಕೆ ಹಾಕಿದ್ರು, ಅದು ಎಲ್ಲರಿಗೂ ಚೆನ್ನಾಗಿ ಓಪನ್ ಆಗ್ತಿದೆ. ಎರಡೂ ಫೈಲ್ ಪಕ್ಕಪಕ್ಕದಲ್ಲೇ ಇವೆ! ಸೆಕ್ಯುರಿಟಿ ಟ್ಯಾಬ್ ತೆಗೆದು ನೋಡಿದ್ರೆ ಕಾಪಿ ಮಾಡಿದ್ದರಲ್ಲಿ ಸ್ಟಾಫ್ ಗ್ರೂಪ್ ಇದೆ, ಕಟ್ ಮಾಡಿದ್ದರಲ್ಲಿ ಅಕೌಂಟ್ಸ್ ಗ್ರೂಪ್ ಮಾತ್ರ ಇದೆ. ಫೋಲ್ಡರ್ ಒಂದೇ ಆದಮೇಲೆ ಒಳಗಿರೋ ಫೈಲಿಗೂ ಅದೇ ಪರ್ಮಿಷನ್ ಬರಬೇಕಲ್ವಾ? ನಾನು ಇಷ್ಟು ದಿನ ಹಂಗೇ ಅಂದ್ಕೊಂಡಿದ್ದೆ.

ಇನ್ನೊಂದು ಭಯ ಅಂದ್ರೆ ಮುಂದಿನ ವಾರ ಈ ಡಿ ಡ್ರೈವ್ ಪೂರ್ತಿ ಹೊಸ ದೊಡ್ಡ ಡಿಸ್ಕಿಗೆ ಹಾಕಬೇಕು, ಲಕ್ಷಗಟ್ಟಲೆ ಫೈಲ್ ಇದೆ, ಯಾವುದನ್ನ ಹೆಂಗೆ ಸಾಗಿಸಿದ್ರೆ ಏನಾಗುತ್ತೆ ಅಂತ ಗೊತ್ತಿಲ್ದೆ ಕೈ ಹಾಕೋಕೆ ಧೈರ್ಯ ಬರ್ತಿಲ್ಲ. ಬ್ಯಾಕಪ್ ಒಂದು ಲಿನಕ್ಸ್ ಮಷಿನ್‌ಗೆ ಹೋಗುತ್ತೆ, ಅಲ್ಲೂ ಇದೇ ಕಥೆನಾ?

ಹಳೆಡಿಸ್ಕ್

ನಿಮ್ಮ ಸರ್ವರಲ್ಲಿ ಏನೂ ಕೆಟ್ಟಿಲ್ಲ ಸರ್, ಎನ್‌ಟಿಎಫ್‌ಎಸ್ ಇರೋದೇ ಹಿಂಗೆ. ಒಂದು ಸಲ ಮನಸ್ಸಿಗೆ ಹೊಕ್ಕರೆ ಮತ್ತೆ ಮರೆಯಲ್ಲ.

ಪರ್ಮಿಷನ್ ಅನ್ನೋದು ಫೋಲ್ಡರ್ ಅನ್ನೋ ಜಾಗಕ್ಕೆ ಸೇರಿದ್ದಲ್ಲ, ಪ್ರತಿಯೊಂದು ಫೈಲಿಗೂ ತನ್ನದೇ ಪಟ್ಟಿ ಇರುತ್ತೆ, ಯಾರು ಓದಬಹುದು ಯಾರು ಬರೀಬಹುದು ಅಂತ. ಅದನ್ನ ಎಸಿಎಲ್ ಅಂತಾರೆ. ಫೋಲ್ಡರಿಂದ ಪರ್ಮಿಷನ್ ಇಳಿದು ಬರೋದು, ಅಂದ್ರೆ ಇನ್‌ಹೆರಿಟ್ ಆಗೋದು, ಯಾವಾಗ ಅಂದ್ರೆ ಆ ಫೋಲ್ಡರೊಳಗೆ ಫೈಲ್ ಹುಟ್ಟಿದಾಗ, ಇಲ್ಲಾ ಯಾರಾದ್ರೂ ಆ ಫೋಲ್ಡರ್‌ನ ಪರ್ಮಿಷನ್ ಬದಲಾಯಿಸಿ ಅದು ಕೆಳಗಿನ ತನಕ ಹರಿದಾಗ. ಬೇರೆ ಹೊತ್ತಲ್ಲಿ ಮೇಲಿನ ಫೋಲ್ಡರ್ ಏನು ಹೇಳುತ್ತೆ ಅಂತ ಫೈಲ್ ಕೇಳೋಕೆ ಹೋಗಲ್ಲ, ತನ್ನ ಹತ್ರ ಇರೋ ಪಟ್ಟಿನೇ ನೋಡುತ್ತೆ.

ಈಗ ಕಾಪಿ ಅಂದ್ರೆ ಏನು? ಹೊಸ ಜಾಗದಲ್ಲಿ ಹೊಸ ಫೈಲ್ ಹುಟ್ಟುತ್ತೆ, ಅದರೊಳಗೆ ಹಳೇದರ ವಿಷಯ ತುಂಬ್ತಾರೆ. ಹುಟ್ಟಿದ ಮನೆ 'ಎಲ್ಲರಿಗೂ' ಆಗಿದ್ರಿಂದ ಅಲ್ಲಿನ ಪರ್ಮಿಷನ್ ಬಂತು, ಕಾಪಿ ಮಾಡಿದೋರೇ ಅದರ ಓನರ್ ಆದ್ರು. ಅದೇ ಡ್ರೈವೊಳಗೆ ಮೂವ್ ಅಂದ್ರೆ ಏನೂ ಹುಟ್ಟಲ್ಲ, ಫೈಲ್ ಡಿಸ್ಕ್ ಮೇಲೆ ಇದ್ದಲ್ಲೇ ಇರುತ್ತೆ, ಇಂಥ ಹೆಸರಿನ ಫೈಲ್ ಇನ್ಮೇಲೆ ಈ ಫೋಲ್ಡರಲ್ಲಿದೆ ಅಂತ ವಿಳಾಸ ಮಾತ್ರ ತಿದ್ದುತ್ತೆ. ಅದಕ್ಕೇ ದೊಡ್ಡ ವಿಡಿಯೋ ಫೈಲ್ ಆದ್ರೂ ಒಂದೇ ಡ್ರೈವಲ್ಲಿ ಕಟ್ ಪೇಸ್ಟ್ ಮಾಡಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯೋದು. ವಿಳಾಸ ಬದಲಾಯ್ತು, ಪಟ್ಟಿ ಹಳೇದೇ ಉಳೀತು. ಸಿ ಡ್ರೈವಿಂದ ಡಿ ಡ್ರೈವಿಗೆ ಮೂವ್ ಮಾಡಿದ್ರೆ ಮಾತ್ರ ಅದು ಹೆಸರಿಗೆ ಮೂವ್, ಒಳಗೆ ಕಾಪಿ ಮಾಡಿ ಹಳೇದನ್ನ ಅಳಿಸೋದು, ಹಂಗಾಗಿ ಹೊಸ ಜಾಗದ ಪರ್ಮಿಷನ್ ಬರುತ್ತೆ.

ನಂಬಿಕೆ ಬರ್ದಿದ್ರೆ ನೀವೇ ನೋಡಿ. ಖಾಲಿ ಫೋಲ್ಡರ್ ಎರಡು ಮಾಡಿ, ಒಂದಕ್ಕೆ ಒಂದು ಗ್ರೂಪ್ ಕೊಡಿ, ಇನ್ನೊಂದಕ್ಕೆ ಇನ್ನೊಂದು ಗ್ರೂಪ್. ಮೊದಲನೇದರಲ್ಲಿ ಒಂದು ಟೆಕ್ಸ್ಟ್ ಫೈಲ್ ಮಾಡಿ ಕಮಾಂಡ್ ಪ್ರಾಂಪ್ಟಲ್ಲಿ ಪರ್ಮಿಷನ್ ಪಟ್ಟಿ ತೋರಿಸೋ ಐಕ್ಯಾಕಲ್ಸ್ (icacls) ಕಮಾಂಡ್ ಜೊತೆ ಆ ಫೈಲ್ ಹೆಸರು ಕೊಡಿ. ಪ್ರತಿ ಗ್ರೂಪಿನ ಹೆಸರಿನ ಮುಂದೆ ಬ್ರಾಕೆಟಲ್ಲಿ ಐ ಅಂತ ಒಂದೇ ಅಕ್ಷರ ಬರುತ್ತೆ, ಅಂದ್ರೆ ಈ ಹಕ್ಕು ಮೇಲಿಂದ ಇಳಿದಿದ್ದು, ಯಾರೂ ಕೈಯಾರೆ ಕೊಟ್ಟಿದ್ದಲ್ಲ ಅಂತ. ಈಗ ಮೂವ್ ಕಮಾಂಡಿಂದ ಎರಡನೇ ಫೋಲ್ಡರಿಗೆ ಹಾಕಿ ಮತ್ತೆ ಐಕ್ಯಾಕಲ್ಸ್ ಕೊಡಿ. ಹಳೇ ಗ್ರೂಪೇ ಇರುತ್ತೆ, ಪಕ್ಕದಲ್ಲಿ ಐ ಕೂಡ ಹಂಗೇ ಇರುತ್ತೆ! ಈಗ ಅದರ ಮೇಲಿರೋ ಫೋಲ್ಡರಿಗೂ ಆ ಗ್ರೂಪಿಗೂ ಸಂಬಂಧಾನೇ ಇಲ್ಲ, ಆದ್ರೂ ಮೇಲಿಂದ ಬಂದಿದ್ದು ಅಂತ ಗುರುತು ಹೇಳುತ್ತೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಬಹಳ ಜನ ಗಮನಿಸಿರಲ್ಲ. ಆ ಐ ಗುರುತಿರೋ ಹಕ್ಕುಗಳು ತಾತ್ಕಾಲಿಕ. ಮೂರು ತಿಂಗಳಾದ ಮೇಲೆ ನೀವು 'ಎಲ್ಲರಿಗೂ' ಫೋಲ್ಡರಿಗೆ ಬೇರೆ ಯಾವುದೋ ಕಾರಣಕ್ಕೆ ಒಬ್ಬ ಯೂಸರ್‌ನ ಸೇರಿಸ್ತೀರ ಅಂತಿಟ್ಕೊಳ್ಳಿ, ಆಗ ಪರ್ಮಿಷನ್ ಕೆಳಗೆ ಹರಿಯುತ್ತೆ, ಆ ಫೈಲ್ ಮೇಲಿದ್ದ ಹಳೇ ಇಳಿದ ಹಕ್ಕೆಲ್ಲ ಹೋಗಿ ಹೊಸ ಫೋಲ್ಡರಿಂದು ಕೂರುತ್ತೆ. ಕೈಯಾರೆ ಕೊಟ್ಟ ಹಕ್ಕು ಮಾತ್ರ ಉಳಿಯುತ್ತೆ. ನಿನ್ನೆ ತನಕ ಓಪನ್ ಆಗ್ತಿರ್ಲಿಲ್ಲ ಇವತ್ತು ತಾನೇ ಸರಿ ಹೋಯ್ತು ಅಂತ ಜನ ಹೇಳೋದು ಇದಕ್ಕೇ, ತಾನೇ ಏನೂ ಸರಿ ಹೋಗಿರಲ್ಲ.

ಬೀಗದಕೈ

ಹಳೆಡಿಸ್ಕ್ ಅವರು ಹೇಳಿದ್ದು ಪೂರ್ತಿ ಸರಿ. ಆದ್ರೆ ಪ್ರಶ್ನೆ ಕೇಳಿದೋರು ಒಂದು ದಿಕ್ಕಿಂದು ಮಾತ್ರ ನೋಡಿದಾರೆ, ನನಗೆ ಎದೆ ಡವಗುಟ್ಟೋದು ಇನ್ನೊಂದು ದಿಕ್ಕಿಂದು. ಬೀಗ ಇರೋ ಫೋಲ್ಡರಿಂದ ಬಯಲಿಗೆ ಮೂವ್ ಮಾಡಿದ್ರೆ ಫೈಲ್ ಓಪನ್ ಆಗಲ್ಲ, ಯಾರಾದ್ರೂ ಬಂದು ಕೂಗ್ತಾರೆ, ನಿಮಗೆ ಗೊತ್ತಾಗುತ್ತೆ. ಬಯಲಿಂದ ಬೀಗದೊಳಗೆ ಮೂವ್ ಮಾಡಿದ್ರೆ? ಆ ಫೈಲ್ ಎಲ್ಲಾ ಸ್ಟಾಫೂ ಓದಬಹುದು ಅನ್ನೋ ಹಳೇ ಪಟ್ಟಿ ಹೊತ್ಕೊಂಡೇ ಒಳಗೆ ಹೋಗಿರುತ್ತೆ. ನನಗೆ ಓಪನ್ ಆಗ್ತಿದೆ ನೋಡಿ ಅಂತ ಯಾರೂ ಬಂದು ಕಂಪ್ಲೇಂಟ್ ಕೊಡಲ್ಲ.

ಹೊರಗಿನ ಫೋಲ್ಡರಿಗೇ ಪ್ರವೇಶ ಇಲ್ಲ ಅಂದಮೇಲೆ ಒಳಗಿನ ಫೈಲ್ ಹೆಂಗೆ ಸಿಗುತ್ತೆ ಅಂತ ಕೇಳಬಹುದು, ನಾನೂ ಒಂದು ಕಾಲದಲ್ಲಿ ಹಂಗೇ ಅಂದ್ಕೊಂಡು ನೆಮ್ಮದಿಯಾಗಿದ್ದೆ. ವಿಂಡೋಸಲ್ಲಿ ಬೈಪಾಸ್ ಟ್ರಾವರ್ಸ್ ಚೆಕಿಂಗ್ ಅಂತ ಒಂದು ಹಕ್ಕಿದೆ, ಅದು ಮಾಮೂಲಾಗಿ ಎಲ್ಲರಿಗೂ ಕೊಟ್ಟೇ ಇರುತ್ತೆ. ಅದರ ಅರ್ಥ, ದಾರಿಯಲ್ಲಿರೋ ಫೋಲ್ಡರ್‌ಗಳಿಗೆ ಪರ್ಮಿಷನ್ ಇದೆಯಾ ಅಂತ ಒಂದೊಂದಾಗಿ ಕೇಳಲ್ಲ, ಕೊನೇಲಿರೋ ಫೈಲ್ ಏನು ಹೇಳುತ್ತೋ ಅದೇ ಲೆಕ್ಕ. ಫೋಲ್ಡರ್ ತೆಗೆದು ಪಟ್ಟಿ ನೋಡೋಕೆ ಆಗಲ್ಲ ನಿಜ, ಆದ್ರೆ ಪೂರ್ತಿ ದಾರಿ ಗೊತ್ತಿದ್ದು ಅಡ್ರೆಸ್ ಬಾರಲ್ಲಿ ಹಾಕಿದ್ರೆ ಫೈಲ್ ನೇರ ತೆರ್ಕೊಳ್ಳುತ್ತೆ.

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಇದೇ ಆಯ್ತು. ಸಂಬಳ ಏರಿಕೆಯ ಶೀಟೊಂದನ್ನ ಗಡಿಬಿಡಿಯಲ್ಲಿ ಎಲ್ಲರ ಫೋಲ್ಡರಲ್ಲೇ ಶುರು ಮಾಡಿ, ಆಮೇಲೆ ಕಟ್ ಮಾಡಿ ಬೀಗದ ಫೋಲ್ಡರಿಗೆ ಹಾಕಿದ್ರು. ಫೋಲ್ಡರ್ ಲಾಕ್ ಇದೆ, ಸೇಫ್ ಅಂತ ನಾನೇ ಹೇಳಿದ್ದೆ. ಹೆಚ್ಚು ಕಡಿಮೆ ಅರ್ಧ ವರ್ಷ ಆದಮೇಲೆ ಯಾರೋ ಒಬ್ಬರು ಮೇಲಿನೋರಿಗೆ ಈಮೇಲಲ್ಲಿ ಆ ಫೈಲಿನ ಲಿಂಕ್ ಕಳಿಸಿದ್ರು, ಸಿಸಿಯಲ್ಲಿ ತಪ್ಪಾಗಿ ಒಂದು ಟೀಮೇ ಸೇರ್ಕೊಂಡಿತ್ತು, ಒಬ್ಬ ಹುಡುಗ ಸುಮ್ನೆ ಕ್ಲಿಕ್ ಮಾಡಿದ, ಎಲ್ಲರ ಸಂಬಳದ ಶೀಟ್ ಅವನ ಸ್ಕ್ರೀನ್ ಮೇಲೆ ಬಂತು. ಅವನು ಒಳ್ಳೆಯೋನು, ತಕ್ಷಣ ಮುಚ್ಚಿ ನನ್ನ ಹತ್ರ ಬಂದು ಮೆಲ್ಲಗೆ ಹೇಳಿದ. ಆ ಅರ್ಧ ವರ್ಷದಲ್ಲಿ ಇನ್ಯಾರು ನೋಡಿದ್ರೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕಂದ್ರೆ ಯಾರು ಯಾವ ಫೈಲ್ ತೆಗೆದ್ರು ಅಂತ ಬರೆದಿಡೋ ಆಡಿಟಿಂಗ್ ಆನ್ ಮಾಡಿರ್ಲಿಲ್ಲ.

ಹಂಗಾಗಿ ನಿಮ್ಮ ಮೊದಲ ಕೆಲಸ ಹೊಸ ಡಿಸ್ಕ್ ಅಲ್ಲ. 'ಅಕೌಂಟ್ಸ್' ಫೋಲ್ಡರ್ ಮೇಲೆ ಐಕ್ಯಾಕಲ್ಸ್ ಕಮಾಂಡ್‌ನ ಸ್ಲ್ಯಾಶ್ ಟಿ ಸ್ವಿಚ್ (ಒಳಗಿನ ಎಲ್ಲಾ ಫೈಲೂ ಸೇರಿಸೋದು) ಜೊತೆ ಓಡಿಸಿ, ಔಟ್‌ಪುಟ್‌ನ ಒಂದು ಟೆಕ್ಸ್ಟ್ ಫೈಲಿಗೆ ಹಾಕಿ, ಅದರಲ್ಲಿ ಸ್ಟಾಫ್ ಗ್ರೂಪಿನ ಹೆಸರು ಹುಡುಕಿ. ಅಲ್ಲಿ ಸಿಗಲೇಬಾರದು. ಸಿಕ್ಕ ಫೈಲ್‌ಗಳಿಗೆ ಸ್ಲ್ಯಾಶ್ ರೀಸೆಟ್ ಕೊಟ್ರೆ ಇರೋ ಪಟ್ಟಿ ಅಳಿಸಿ ಮೇಲಿನ ಫೋಲ್ಡರಿಂದ ಬರೋದನ್ನ ಮಾತ್ರ ಇಡುತ್ತೆ. ಆದ್ರೆ ಎಚ್ಚರ, ರೀಸೆಟ್ ಕೈಯಾರೆ ಕೊಟ್ಟ ಹಕ್ಕನ್ನೂ ಗುಡಿಸಿ ಹಾಕುತ್ತೆ. ಒಳಗೆ ಯಾವುದೋ ಒಂದು ಸಬ್ ಫೋಲ್ಡರಿಗೆ ಆಡಿಟರ್‌ಗೆ ಅಂತ ಬೇರೆ ಹಕ್ಕು ಕೊಟ್ಟಿದ್ರೆ ಅದೂ ಹೋಗುತ್ತೆ, ಆದ್ರಿಂದ ಇಡೀ ಫೋಲ್ಡರಿಗೆ ಕಣ್ಮುಚ್ಚಿ ಓಡಿಸ್ಬೇಡಿ, ಸಿಕ್ಕ ಫೈಲಿಗೆ ಮಾತ್ರ ಓಡಿಸಿ.

ಶೇರ್ ವಿಷಯ ಒಂದು ಮಾತು. ನೀವು ಒಂದೇ ಶೇರ್ ಮಾಡಿ ಅದರೊಳಗೆ ಎರಡೂ ಫೋಲ್ಡರ್ ಇಟ್ಟಿದೀರ, ಹಾಗಾಗಿ ಝಡ್ ಡ್ರೈವೊಳಗೆ ಕಟ್ ಪೇಸ್ಟ್ ಮಾಡಿದಾಗ ಸರ್ವರ್ ಅದನ್ನ ಬರೀ ಹೆಸರು ಬದಲಾವಣೆ ಅಂತ ಮಾಡಿ ಮುಗಿಸುತ್ತೆ. ಅದೇ ಎರಡೂ ಫೋಲ್ಡರ್‌ನ ಬೇರೆ ಬೇರೆ ಶೇರ್ ಮಾಡಿ ಬೇರೆ ಬೇರೆ ಡ್ರೈವ್ ಅಕ್ಷರ ಕೊಟ್ಟಿದ್ರೆ, ಸರ್ವರಲ್ಲಿ ಎರಡೂ ಒಂದೇ ಡಿಸ್ಕ್ ಮೇಲಿದ್ರೂ ಯೂಸರಿನ ಕಂಪ್ಯೂಟರಿಗೆ ಅವು ಎರಡು ಡ್ರೈವ್, ಕಾಪಿ ಮಾಡಿ ಅಳಿಸುತ್ತೆ, ಹೊಸ ಜಾಗದ ಪರ್ಮಿಷನ್ ಬರುತ್ತೆ. ನಾನು ಆ ಘಟನೆ ಆದಮೇಲೆ ಗುಟ್ಟಿನ ಫೋಲ್ಡರ್ ಯಾವುದಿದ್ರೂ ಬೇರೆ ಶೇರೇ ಮಾಡ್ತೀನಿ.

ಕಡತಪಾಲಕ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೀಗದಕೈ ಅವರ ಮಾತು ಓದಿದ ತಕ್ಷಣ ಅಕೌಂಟ್ಸ್ ಫೋಲ್ಡರ್ ಮೇಲೆ ಓಡಿಸಿದೆ. ಹದಿನಾಲ್ಕು ಫೈಲ್ ಸಿಕ್ತು. ಹದಿನಾಲ್ಕೂ 'ಎಲ್ಲರಿಗೂ' ಇಂದ ಕಟ್ ಮಾಡಿ ತಂದಿದ್ದು, ಅದರಲ್ಲಿ ಎರಡು ಬ್ಯಾಂಕ್ ವಿವರ ಇರೋವು. ಬೇರೆಯೋರ ಲಾಗಿನ್ ಅಲ್ಲಿ ಪೂರ್ತಿ ದಾರಿ ಟೈಪ್ ಮಾಡಿ ನೋಡಿದೆ, ನಿಜವಾಗ್ಲೂ ಓಪನ್ ಆಯ್ತು, ಕೈ ನಡುಗಿತು. ಒಂದೊಂದಕ್ಕೂ ರೀಸೆಟ್ ಕೊಟ್ಟೆ, ಈಗ ಆಕ್ಸೆಸ್ ಡಿನೈಡ್ ಬರ್ತಿದೆ, ಆ ಮೆಸೇಜ್ ನೋಡಿ ಇಷ್ಟು ಸಮಾಧಾನ ಯಾವತ್ತೂ ಆಗಿರ್ಲಿಲ್ಲ.

ಇನ್ನು ಹೊಸ ಡಿಸ್ಕ್. ಅದೇ ಸರ್ವರಿಗೇ ಹಾಕೋದು, ಫಾರ್ಮ್ಯಾಟ್ ಮಾಡಿ ಇಟ್ಟಿದೀನಿ. ಎಕ್ಸ್‌ಪ್ಲೋರರಲ್ಲಿ ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಪೇಸ್ಟ್ ಮಾಡಿದ್ರೆ ನೀವು ಹೇಳಿದ ಪ್ರಕಾರ ಎಲ್ಲಾ ಹಕ್ಕೂ ಹೋಗುತ್ತೆ ಅಂತ ಆಯ್ತಲ್ವಾ?

ಹಳೆಡಿಸ್ಕ್

ಹೌದು, ಪೂರ್ತಿ ಹೋಗುತ್ತೆ, ಹೋಗಿ ಬರೀ ಖಾಲಿ ಆಗಲ್ಲ, ಹೊಸ ಡ್ರೈವಿನ ಮೇಲ್ತುದಿಯಲ್ಲಿ ಏನಿದೆಯೋ ಅದು ಎಲ್ಲದರ ಮೇಲೂ ಇಳಿಯುತ್ತೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡ್ರೈವಿನ ರೂಟಲ್ಲಿ ಸಾಮಾನ್ಯ ಯೂಸರ್‌ಗಳಿಗೆ ಓದೋ ಹಕ್ಕಾದ್ರೂ ಇದ್ದೇ ಇರುತ್ತೆ. ಅಂದ್ರೆ ಎಕ್ಸ್‌ಪ್ಲೋರರಲ್ಲಿ ಕಾಪಿ ಪೇಸ್ಟ್ ಮಾಡಿದ್ರೆ ನಿಮ್ಮ ಅಕೌಂಟ್ಸ್ ಫೋಲ್ಡರ್ ಊರಿಗೆಲ್ಲ ತೆರ್ಕೊಂಡಂಗೆ.

ರೋಬೊಕಾಪಿ (robocopy) ಅನ್ನೋ ಕಾಪಿ ಕಮಾಂಡ್ ಬಳಸಿ, ವಿಂಡೋಸ್ ಜೊತೆಗೇ ಬರುತ್ತೆ. ಆದ್ರೆ ಅದೂ ಸುಮ್ನೆ ಓಡಿಸಿದ್ರೆ ಡೇಟಾ, ಆಟ್ರಿಬ್ಯೂಟ್, ಟೈಮ್‌ಸ್ಟ್ಯಾಂಪ್ ಈ ಮೂರನ್ನ ಮಾತ್ರ ಒಯ್ಯುತ್ತೆ, ಪರ್ಮಿಷನ್ ಒಯ್ಯಲ್ಲ. ಸ್ಲ್ಯಾಶ್ ಸೆಕ್ ಕೊಟ್ರೆ ಪರ್ಮಿಷನ್ನೂ ಬರುತ್ತೆ, ಸ್ಲ್ಯಾಶ್ ಕಾಪಿಆಲ್ ಕೊಟ್ರೆ ಓನರ್ ಮತ್ತು ಆಡಿಟ್ ಸೆಟ್ಟಿಂಗೂ ಸೇರಿ ಎಲ್ಲಾ ಬರುತ್ತೆ. ನಿಮಗೆ ಕಾಪಿಆಲ್ ಬೇಕು, ಅಡ್ಮಿನಿಸ್ಟ್ರೇಟರ್ ಆಗಿ ತೆಗೆದ ಪ್ರಾಂಪ್ಟಲ್ಲೇ ಓಡಿಸಿ. ಸಬ್ ಫೋಲ್ಡರ್ ಎಲ್ಲಾ ಬರೋಕೆ ಸ್ಲ್ಯಾಶ್ ಇ ಮರೀಬೇಡಿ. ಅಡ್ಮಿನ್‌ಗೇ ಹಕ್ಕಿಲ್ಲದ ಫೋಲ್ಡರ್ ಇದ್ರೆ ಸ್ಲ್ಯಾಶ್ ಬಿ ಹಾಕಿ, ಬ್ಯಾಕಪ್ ಹಕ್ಕಿಂದ ಓದುತ್ತೆ, ಒಂದೊಂದು ಫೋಲ್ಡರಿಗೂ ಹೋಗಿ ಓನರ್ ಬದಲಾಯಿಸಿ ಕೆಡಿಸೋ ಅಗತ್ಯ ಇರಲ್ಲ.

ಸ್ಲ್ಯಾಶ್ ಆರ್ ಮತ್ತು ಸ್ಲ್ಯಾಶ್ ಡಬ್ಲ್ಯೂ ಎರಡಕ್ಕೂ ಒಂದೊಂದು ಅಂತ ಕೊಡಿ. ಇದು ಯಾಕೆ ಅಂದ್ರೆ ಯಾವುದಾದ್ರೂ ಫೈಲ್ ಯಾರೋ ತೆಗೆದಿಟ್ಟು ಲಾಕ್ ಆಗಿದ್ರೆ ರೋಬೊಕಾಪಿ ಮಾಮೂಲಾಗಿ 30 ಸೆಕೆಂಡ್ ಕಾದು ಮತ್ತೆ ಪ್ರಯತ್ನ ಮಾಡುತ್ತೆ, ಅದನ್ನ 10 ಲಕ್ಷ ಸಲ ಮಾಡುತ್ತೆ. ರಾತ್ರಿ ಓಡಿಸಿ ಮಲಗಿದ್ರೆ ಬೆಳಿಗ್ಗೆ ಎದ್ದಾಗ ಮೊದಲನೇ ಲಾಕ್ ಆದ ಫೈಲ್ ಹತ್ರಾನೇ ನಿಂತಿರುತ್ತೆ.

ಮೊದಲು ಯಾರೋ ಸುಮ್ನೆ ಕಾಪಿ ಮಾಡಿಟ್ಟು, ಆಮೇಲೆ ಪರ್ಮಿಷನ್ ಸೇರಿಸೋಣ ಅಂತ ಕಾಪಿಆಲ್ ಜೊತೆ ಮತ್ತೆ ಓಡಿಸಿದ್ರೆ ಫೈಲ್‌ಗಳಿಗೆ ಏನೂ ಆಗಲ್ಲ, ಯಾಕಂದ್ರೆ ಸೈಜ್ ಮತ್ತು ಟೈಮ್ ಒಂದೇ ಇರೋ ಫೈಲ್‌ನ ಅದು ಮುಟ್ಟದೆ ಮುಂದೆ ಹೋಗುತ್ತೆ. ಆಗ ಸ್ಲ್ಯಾಶ್ ಸೆಕ್‌ಫಿಕ್ಸ್ ಸೇರಿಸ್ಬೇಕು, ಬಿಟ್ಟು ಹೋದ ಫೈಲ್‌ಗಳ ಪರ್ಮಿಷನ್ನೂ ಸರಿ ಮಾಡುತ್ತೆ. ಸ್ಲ್ಯಾಶ್ ಎಂಐಆರ್ ಬಗ್ಗೆ ಕೇಳಿರ್ತೀರ, ಅದು ಆ ಕಡೆ ಹೆಚ್ಚಿಗೆ ಇರೋದನ್ನೆಲ್ಲ ಅಳಿಸಿ ಎರಡೂ ಕಡೆ ಸಮ ಮಾಡುತ್ತೆ. ಈ ಕಡೆ ಆ ಕಡೆ ಅದಲು ಬದಲು ಬರೆದ್ರೆ ಖಾಲಿ ಡಿಸ್ಕಿಗೆ ಸರಿಯಾಗಿ ನಿಮ್ಮ ತುಂಬಿದ ಡಿಸ್ಕ್ ಖಾಲಿಯಾಗುತ್ತೆ. ಮೊದಲು ಸ್ಲ್ಯಾಶ್ ಎಲ್ ಹಾಕಿ ಓಡಿಸಿ, ಏನೂ ಮಾಡದೆ ಏನು ಮಾಡ್ತೀನಿ ಅಂತ ಪಟ್ಟಿ ಮಾತ್ರ ತೋರಿಸುತ್ತೆ, ಓದಿ, ಆಮೇಲೆ ಎಲ್ ತೆಗೀರಿ.

ಹೊಸ ಡಿಸ್ಕಿನ ರೂಟ್ ಪರ್ಮಿಷನ್ ಹಳೇ ಡಿ ಡ್ರೈವಿನ ರೂಟ್ ಥರಾನೇ ಮೊದಲೇ ಮಾಡಿಟ್ಕೊಳ್ಳಿ. ಯಾಕಂದ್ರೆ ರೋಬೊಕಾಪಿ ಇಳಿದ ಹಕ್ಕನ್ನ ಇಳಿದ ಹಕ್ಕು ಅಂತಾನೇ ಒಯ್ಯುತ್ತೆ, ರೂಟ್ ಬೇರೆ ಥರ ಇದ್ರೆ ಮುಂದೊಂದು ದಿನ ಯಾರೋ ಮೇಲೆ ಮುಟ್ಟಿದಾಗ ಎಲ್ಲಾ ಬದಲಾಗುತ್ತೆ, ಮೇಲೆ ಹೇಳಿದ್ನಲ್ಲ ಅದೇ. ಶೇರ್ ಪರ್ಮಿಷನ್ ಫೈಲ್ ಜೊತೆ ಬರಲ್ಲ, ಅದು ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ ರಿಜಿಸ್ಟ್ರಿಯಲ್ಲಿ ಇರೋದು. ಹೊಸ ಡಿಸ್ಕಿಗೂ ಡಿ ಅಂತಾನೇ ಅಕ್ಷರ ಕೊಟ್ಟು ದಾರಿ ಅದೇ ಇಟ್ರೆ ಹಳೇ ಶೇರ್ ಅದಕ್ಕೇ ಹೊಂದಿಕೊಳ್ಳುತ್ತೆ. ಒಂದು ವೇಳೆ ಬೇರೆ ಸರ್ವರಿಗೇ ಹೋಗೋದಾಗಿದ್ರೆ ಇನ್ನೊಂದು ತೊಡಕಿತ್ತು, ಆ ಪಟ್ಟಿಯಲ್ಲಿ ಗ್ರೂಪಿನ ಹೆಸರು ಇರಲ್ಲ, ಎಸ್‌ಐಡಿ ಅನ್ನೋ ಉದ್ದ ನಂಬರ್ ಇರುತ್ತೆ, ಹಳೇ ಮಷಿನಲ್ಲಿ ಲೋಕಲ್ಲಾಗಿ ಮಾಡಿದ ಗ್ರೂಪ್ ಆಗಿದ್ರೆ ಹೊಸ ಮಷಿನ್‌ಗೆ ಆ ನಂಬರ್ ಯಾರದ್ದು ಅಂತ ಗೊತ್ತಾಗಲ್ಲ. ಡೊಮೇನ್ ಗ್ರೂಪ್ (ಆಫೀಸಿನ ಎಲ್ಲಾ ಮಷಿನಿಗೂ ಸೇರಿ ಒಂದೇ ಕಡೆ ಮಾಡಿದ್ದು) ಆದ್ರೆ ಅದೇ ಡೊಮೇನಲ್ಲಿ ಎಲ್ಲಿ ಹೋದ್ರೂ ನಡೆಯುತ್ತೆ.

ಶೆಲ್‌ಪ್ರಾಂಪ್ಟ್

ಲಿನಕ್ಸ್ ಬಗ್ಗೆ ನಾನು ಹೇಳ್ತೀನಿ, ದಿನಾ ಇದರಲ್ಲೇ ಇರೋನು. ಅಲ್ಲಿನ ಲೆಕ್ಕ ಬೇರೆ, ವಿಂಡೋಸಲ್ಲಿ ಕಲಿತಿದ್ದನ್ನ ಇಲ್ಲಿ ಹಚ್ಚಿದ್ರೆ ಮೋಸ ಹೋಗ್ತೀರ.

ಕಾಪಿ ಮಾಡೋ ಸಿಪಿ (cp) ಕಮಾಂಡ್ ಕೊಟ್ರೆ ಹೊಸ ಫೈಲ್ ಹುಟ್ಟುತ್ತೆ, ಕಮಾಂಡ್ ಓಡಿಸಿದೋರೇ ಓನರ್, ಇಲ್ಲಿ ತನಕ ಅದೇ. ಆದ್ರೆ ಮೋಡ್, ಅಂದ್ರೆ ಓದು ಬರಿ ಓಡಿಸು ಅನ್ನೋ ಬಿಟ್‌ಗಳು, ಫೋಲ್ಡರಿಂದ ಇಳಿಯಲ್ಲ. ಮೂಲ ಫೈಲಿನ ಮೋಡ್ ತಗೊಂಡು ಅದರಿಂದ ನಿಮ್ಮ ಯುಮಾಸ್ಕ್ (ಹೊಸ ಫೈಲಿಗೆ ಯಾವ ಹಕ್ಕು ಕೊಡಬಾರದು ಅನ್ನೋ ಸೆಟ್ಟಿಂಗ್) ಕಳೆದು ಉಳಿದಿದ್ದನ್ನ ಇಡುತ್ತೆ. ಮೂಲ 666 (ಎಲ್ಲರೂ ಓದಿ ಬರೀಬಹುದು) ಇದ್ದು ಯುಮಾಸ್ಕ್ 022 ಇದ್ರೆ ಕಾಪಿ 644 (ಓನರ್ ಬರೀಬಹುದು, ಉಳಿದೋರು ಓದಬಹುದು ಅಷ್ಟೇ) ಆಗುತ್ತೆ. ಮೂಲ 600 (ಓನರ್ ಒಬ್ಬರಿಗೇ) ಇದ್ರೆ ಕಾಪಿನೂ 600, ಎಂಥಾ ಬಯಲು ಡೈರೆಕ್ಟರಿಗೆ ಹಾಕಿದ್ರೂ ಬೇರೆಯೋರಿಗೆ ಓಪನ್ ಆಗಲ್ಲ. ಅಲ್ಲಿ ಅದೇ ಹೆಸರಿನ ಫೈಲ್ ಮೊದಲೇ ಇದ್ರೆ ಸಿಪಿ ಅದರೊಳಗಿನ ವಿಷಯ ಮಾತ್ರ ಬದಲಾಯಿಸುತ್ತೆ, ಓನರ್ ಮತ್ತು ಮೋಡ್ ಹಳೇದೇ ಇರುತ್ತೆ. ಇದು ಗೊತ್ತಿಲ್ದೆ ಗುಟ್ಟಿನ ಫೈಲ್‌ನ ಎಲ್ಲರೂ ಓದೋ ಹಳೇ ಫೈಲ್ ಮೇಲೆ ಬರೆದು ಬಿಟ್ಟೋರನ್ನ ನೋಡಿದೀನಿ. ಮೋಡ್, ಓನರ್, ಸಮಯ ಎಲ್ಲಾ ಹಂಗೇ ಬೇಕಂದ್ರೆ ಸಿಪಿಗೆ ಡ್ಯಾಶ್ ಎ ಕೊಡಿ, ಆದ್ರೆ ಬೇರೆಯೋರನ್ನ ಓನರ್ ಆಗಿ ಉಳಿಸೋದು ರೂಟ್ ಅನ್ನೋ ಅಡ್ಮಿನ್ ಯೂಸರ್‌ಗೆ ಮಾತ್ರ ಸಾಧ್ಯ, ಸಾಮಾನ್ಯ ಯೂಸರ್ ಓಡಿಸಿದ್ರೆ ಎಲ್ಲಾ ಅವರ ಹೆಸರಿಗೇ ಆಗುತ್ತೆ.

ಮೂವ್ ಮಾಡೋ ಎಂವಿ (mv) ಕಮಾಂಡ್ ಒಂದೇ ಫೈಲ್‌ಸಿಸ್ಟಮೊಳಗೆ ಬರೀ ಹೆಸರು ಬದಲಾವಣೆ. ಎಲ್‌ಎಸ್‌ಗೆ ಡ್ಯಾಶ್ ಐ ಕೊಟ್ಟು ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ನೋಡಿ, ಐನೋಡ್ ನಂಬರ್ ಅದೇ ಇರುತ್ತೆ, ಅಂದ್ರೆ ಅದೇ ಫೈಲ್. ಓನರ್, ಗ್ರೂಪ್, ಮೋಡ್ ಎಲ್ಲಾ ಅದೇ. ವಿಂಡೋಸಿಗಿಂತ ಬೇರೆ ಆಗೋದು ಇಲ್ಲಿ: ಬೇರೆ ಡಿಸ್ಕಿಗೆ ಎಂವಿ ಮಾಡಿದ್ರೂ ಅದು ಒಳಗೆ ಕಾಪಿ ಮಾಡಿ ಅಳಿಸಿದ್ರೂ ಓನರ್ ಮೋಡ್ ಎಲ್ಲಾ ಉಳಿಸೋಕೆ ನೋಡುತ್ತೆ. ರೂಟ್ ಆಗಿ ಓಡಿಸಿದ್ರೆ ಉಳಿಯುತ್ತೆ.

ಇನ್ನು ಟೀಮಿಗೆ ಅಂತ ಸೆಟ್‌ಜಿಐಡಿ ಬಿಟ್ ಹಾಕಿದ ಡೈರೆಕ್ಟರಿ ಮಾಡ್ತಾರಲ್ಲ, 2775 ಮೋಡ್ ಇರೋದು, ಅದರೊಳಗೆ ಹುಟ್ಟಿದ ಫೈಲಿಗೆ ಡೈರೆಕ್ಟರಿಯ ಗ್ರೂಪ್ ಬರುತ್ತೆ. ಎಂವಿ ಮಾಡಿ ತಂದಿದ್ದಕ್ಕೆ ಬರಲ್ಲ, ತನ್ನ ಹಳೇ ಗ್ರೂಪಲ್ಲೇ ಇರುತ್ತೆ. ಡೀಫಾಲ್ಟ್ ಎಸಿಎಲ್ ಹಾಕಿದ್ರೂ ಇದೇ ಕಥೆ. ನಿಮ್ಮ ಮೊದಲ ಪ್ರಶ್ನೆಯ ಲಿನಕ್ಸ್ ರೂಪ ಇದು ನೋಡಿ, ಪಕ್ಕಪಕ್ಕದ ಎರಡು ಫೈಲ್, ಒಂದನ್ನ ಟೀಮ್ ತಿದ್ದಬಹುದು, ಇನ್ನೊಂದನ್ನ ಆಗಲ್ಲ. ಎಸ್‌ಇಲಿನಕ್ಸ್ (ಫೈಲ್ ಮೇಲಿನ ಲೇಬಲ್ ನೋಡಿ ಒಳಗೆ ಬಿಡೋ ಇನ್ನೊಂದು ಕಾವಲು) ಇರೋ ಮಷಿನಲ್ಲಿ ಇದು ಇನ್ನೂ ಕಾಡುತ್ತೆ, ಹೋಮ್ ಡೈರೆಕ್ಟರಿಯಲ್ಲಿ ಮಾಡಿದ ಪೇಜ್‌ನ ವೆಬ್ ಸರ್ವರಿನ ಡೈರೆಕ್ಟರಿಗೆ ಎಂವಿ ಮಾಡಿದ್ರೆ ಮೋಡ್ 644 ಇದ್ರೂ ವೆಬ್ ಸರ್ವರ್‌ಗೆ ಓದೋಕೆ ಬಿಡಲ್ಲ, ಯಾಕಂದ್ರೆ ಅದರ ಲೇಬಲ್ ಇನ್ನೂ ಹೋಮ್ ಡೈರೆಕ್ಟರಿಯದು. ರೀಸ್ಟೋರ್‌ಕಾನ್ ಅಂತ ಕಮಾಂಡ್ ಓಡಿಸಿದ್ರೆ ಜಾಗಕ್ಕೆ ತಕ್ಕ ಲೇಬಲ್ ಬರುತ್ತೆ. ಜನ ಇದನ್ನ ನೋಡದೆ 777 (ಎಲ್ಲರಿಗೂ ಎಲ್ಲಾ ಹಕ್ಕು) ಕೊಟ್ಟು ನೋಡ್ತಾರೆ, ಅದರಿಂದ ಲೇಬಲ್ ಸಮಸ್ಯೆ ಹೋಗಲ್ಲ, ಫೈಲ್ ಮಾತ್ರ ಎಲ್ಲರೂ ತಿದ್ದೋ ಹಂಗಾಗಿ ಕೂತಿರುತ್ತೆ. ದಯವಿಟ್ಟು 777 ಕೊಡೋ ಅಭ್ಯಾಸ ಬಿಡಿ, ಯಾರೇ ಓದ್ತಿದ್ರೂ.

ಒಂದು ವಿಷಯದಲ್ಲಿ ಲಿನಕ್ಸ್ ಸಮಾಧಾನ ಕೊಡುತ್ತೆ. ಬೀಗದಕೈ ಅವರು ಹೇಳಿದ ಆ ಪೂರ್ತಿ ದಾರಿ ಟೈಪ್ ಮಾಡೋ ತೂತು ಇಲ್ಲಿಲ್ಲ, ದಾರಿಯಲ್ಲಿರೋ ಪ್ರತಿ ಡೈರೆಕ್ಟರಿಗೂ ಎಕ್ಸ್ ಬಿಟ್ ಇದ್ರೆ ಮಾತ್ರ ಒಳಗೆ ಹೋಗೋಕೆ ಆಗೋದು. ಮೇಲಿನ ಡೈರೆಕ್ಟರಿ 700 (ಓನರ್ ಒಬ್ಬರಿಗೇ) ಇದ್ರೆ ಒಳಗಿನ ಫೈಲ್ 644 ಇದ್ರೂ ಹೊರಗಿನೋರಿಗೆ ಸಿಗಲ್ಲ.

ನಿಮ್ಮ ಬ್ಯಾಕಪ್ ವಿಷಯಕ್ಕೆ ಬಂದ್ರೆ, ವಿಂಡೋಸ್ ಶೇರ್‌ನ ಲಿನಕ್ಸಲ್ಲಿ ಮೌಂಟ್ ಮಾಡಿ (ಅಲ್ಲಿನದೇ ಫೋಲ್ಡರ್ ಥರ ಜೋಡಿಸಿ) ಫೈಲ್ ಕಾಪಿ ಮಾಡೋ ಆರ್‌ಸಿಂಕ್ ಡ್ಯಾಶ್ ಎ ಇಂದ ಎಳ್ಕೊತಿದ್ರೆ ಫೈಲಿನ ಒಳಗಿನದು ಬಂದಿರುತ್ತೆ, ಎನ್‌ಟಿಎಫ್‌ಎಸ್ ಪಟ್ಟಿ ಬಂದಿರಲ್ಲ. ಲಿನಕ್ಸಿಂದ ಲಿನಕ್ಸಿಗೇ ಆದ್ರೂ ಡ್ಯಾಶ್ ಎ ಅಲ್ಲಿ ಎಸಿಎಲ್, ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್, ಹಾರ್ಡ್ ಲಿಂಕ್ ಸೇರಿಲ್ಲ, ಅದಕ್ಕೆ ದೊಡ್ಡ ಎ, ದೊಡ್ಡ ಎಕ್ಸ್, ದೊಡ್ಡ ಎಚ್ ಬೇರೆಯಾಗಿ ಕೊಡಬೇಕು. ವಿಂಡೋಸ್ ಕಡೆ ಮಾಡಬಹುದಾದ್ದು ಅಂದ್ರೆ ಐಕ್ಯಾಕಲ್ಸ್‌ಗೆ ಸ್ಲ್ಯಾಶ್ ಸೇವ್ ಮತ್ತು ಸ್ಲ್ಯಾಶ್ ಟಿ ಕೊಟ್ಟು ಇಡೀ ಮರದ ಪರ್ಮಿಷನ್‌ನ ಒಂದು ಫೈಲಿಗೆ ಬರೆದು ಅದನ್ನೂ ಬ್ಯಾಕಪ್‌ಗೆ ಸೇರಿಸೋದು. ಸ್ಲ್ಯಾಶ್ ರೀಸ್ಟೋರ್ ಇಂದ ವಾಪಸ್ ಹಾಕಬಹುದು, ಅದರಲ್ಲಿ ಓನರ್ ಮತ್ತು ಆಡಿಟ್ ಸೆಟ್ಟಿಂಗ್ ಉಳಿಯಲ್ಲ.

ಬರಿಗಣ್ಣು

ನಡುವೆ ಒಂದು ಪ್ರಶ್ನೆ, ಬೇಜಾರಾಗ್ಬೇಡಿ. ನಾನು ಇಷ್ಟು ದೊಡ್ಡ ಸರ್ವರ್ ಎಲ್ಲಾ ನೋಡ್ಕೊಳ್ಳಲ್ಲ, ಮನೆ ಲ್ಯಾಪ್‌ಟಾಪಿಂದ ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಹಾಕ್ತೀನಿ ಅಷ್ಟೇ. ಆಗ ಪರ್ಮಿಷನ್ ಏನಾಗುತ್ತೆ? ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕಿತ್ತು ಹೊಸದಕ್ಕೆ ಹಾಕಿದಾಗ ಮಾತ್ರ ನನ್ನದೇ ಫೋಟೋ ನನಗೇ ತೆಗೆಯೋಕೆ ಬಿಡ್ಲಿಲ್ಲ, ಪೆನ್‌ಡ್ರೈವಲ್ಲಿ ಯಾವತ್ತೂ ಹಂಗಾಗಿಲ್ಲ.

ಬೀಗದಕೈ

ಕೇಳಿದ್ದು ಒಳ್ಳೇದೇ ಆಯ್ತು. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಇಲ್ಲಾ ಎಕ್ಸ್‌ಫ್ಯಾಟ್ ಇರುತ್ತೆ, ಅದರಲ್ಲಿ ಪರ್ಮಿಷನ್ ಬರೆದಿಡೋ ಜಾಗಾನೇ ಇಲ್ಲ. ಹಾಕಿದ ಕೂಡಲೇ ಪಟ್ಟಿ ಕಳಚಿ ಬೀಳುತ್ತೆ, ಪೆನ್‌ಡ್ರೈವ್ ಯಾರ ಕೈಗೆ ಸಿಕ್ರೂ ಎಲ್ಲಾ ತೆರ್ಕೊಳ್ಳುತ್ತೆ. ಹಳೇ ವಿಂಡೋಸಲ್ಲಿ ಇಎಫ್‌ಎಸ್ ಇಂದ ಎನ್‌ಕ್ರಿಪ್ಟ್ ಮಾಡಿದ (ಗುಟ್ಟಿನ ರೂಪಕ್ಕೆ ತಿರುಗಿಸಿದ) ಫೈಲ್ ಕೂಡ ಫ್ಯಾಟ್ ಡ್ರೈವಿಗೆ ಕಾಪಿ ಆದ್ರೆ ಬಿಚ್ಚಿದ ರೂಪದಲ್ಲೇ ಹೋಗ್ತಿತ್ತು. ವಾಪಸ್ ಎನ್‌ಟಿಎಫ್‌ಎಸ್ ಫೋಲ್ಡರಿಗೆ ಹಾಕಿದಾಗ ಆ ಫೋಲ್ಡರಿನ ಪರ್ಮಿಷನ್ ಬರುತ್ತೆ.

ಹಾರ್ಡ್‌ಡಿಸ್ಕ್ ಕಿತ್ತು ಹಾಕಿದಾಗ ಆಗಿದ್ದು ಹಳೆಡಿಸ್ಕ್ ಹೇಳಿದ ಎಸ್‌ಐಡಿ ವಿಷಯ. ಎರಡೂ ಕಂಪ್ಯೂಟರಲ್ಲಿ ನಿಮ್ಮ ಯೂಸರ್ ಹೆಸರು ಒಂದೇ ಇರಬಹುದು, ಒಳಗಿನ ನಂಬರ್ ಬೇರೆ. ಸೆಕ್ಯುರಿಟಿ ಟ್ಯಾಬಲ್ಲಿ ಎಸ್-1-5-21 ಅಂತ ಶುರುವಾಗೋ ಉದ್ದ ನಂಬರ್ ಕಂಡಿದ್ರೆ ಅದು ಹಳೇ ಕಂಪ್ಯೂಟರಿನ ನೀವು. ಅಡ್ಮಿನ್ ಆಗಿ ಓನರ್‌ಶಿಪ್ ತಗೊಂಡು ನಿಮ್ಮ ಫೋಟೋ ಫೋಲ್ಡರಿಗೆ ಹಕ್ಕು ಕೊಟ್ಕೊಳ್ಳಿ, ಆ ಫೋಲ್ಡರಿಗೆ ಮಾತ್ರ, ಇಡೀ ಡ್ರೈವಿಗೆ ಬೇಡ.

ಕಡತಪಾಲಕ

ನಿನ್ನೆ ರಾತ್ರಿ ಮುಗೀತು. ಮೊದಲು ಐಕ್ಯಾಕಲ್ಸ್ ಸೇವ್ ಮಾಡಿ ಆ ಫೈಲ್ ಎರಡು ಕಡೆ ಇಟ್ಟೆ. ಒಂದು ಸಣ್ಣ ಫೋಲ್ಡರ್ ಮೇಲೆ ಪ್ರಯತ್ನ ಮಾಡಿದಾಗ ನಾನು ಕಾಪಿಆಲ್ ಮರೆತು ಓಡಿಸಿದ್ದೆ, ಹಕ್ಕು ಬರ್ಲಿಲ್ಲ, ಮತ್ತೆ ಕಾಪಿಆಲ್ ಹಾಕಿ ಓಡಿಸಿದ್ರೆ ಫೈಲ್‌ಗಳೆಲ್ಲ ಸ್ಕಿಪ್ಡ್ ಅಂತ ಬಂತು, ಹೇಳಿದ ಹಾಗೇ. ಸೆಕ್‌ಫಿಕ್ಸ್ ಹಾಕಿದ ಮೇಲೆ ಸರಿಯಾಯ್ತು. ಆಮೇಲೆ ರೂಟ್ ಸರಿ ಮಾಡಿ, ಎಲ್ ಹಾಕಿ ಪಟ್ಟಿ ಓದಿ, ಪೂರ್ತಿ ಓಡಿಸಿದೆ. ಹಳೇ ಡಿಸ್ಕ್ ರೂಟಿಂದ ಕಾಪಿ ಮಾಡುವಾಗ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಮತ್ತು ರಿಸೈಕಲ್ ಬಿನ್ ಫೋಲ್ಡರ್ ಎರಡನ್ನೂ ಸ್ಲ್ಯಾಶ್ ಎಕ್ಸ್‌ಡಿ ಇಂದ ಬಿಟ್ಟೆ, ಮುಂದೆ ಮಾಡೋರಿಗೆ ಉಪಯೋಗ ಆಗಲಿ ಅಂತ ಬರೀತಿದೀನಿ.

ಡ್ರೈವ್ ಅಕ್ಷರ ಬದಲಾಯಿಸಿ ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಶೇರ್ ಹಳೇ ಥರಾನೇ ಬಂತು. ಸ್ಟಾಫ್ ಲಾಗಿನ್ ಅಲ್ಲಿ ಅಕೌಂಟ್ಸ್‌ನ ಆ ಬ್ಯಾಂಕ್ ವಿವರದ ಫೈಲ್ ದಾರಿ ಟೈಪ್ ಮಾಡಿ ನೋಡಿದೆ, ತೆರೀಲಿಲ್ಲ. ಅಕೌಂಟ್ಸ್‌ನ ಬೇರೆ ಶೇರ್ ಮಾಡೋ ಕೆಲಸ ಈ ವಾರದ ಕೊನೆಗೆ ಇಟ್ಕೊಂಡಿದೀನಿ, ಅಲ್ಲಿ ತನಕ ಅಕೌಂಟ್ಸ್‌ನೋರಿಗೆ ಕಟ್ ಮಾಡ್ಬೇಡಿ, ಕಾಪಿ ಮಾಡಿ, ಸರಿಯಾಗಿ ಬಂತಾ ನೋಡಿ, ಆಮೇಲೆ ಹಳೇದನ್ನ ಅಳಿಸಿ ಅಂತ ಹೇಳಿದೀನಿ.